ಕಮಟು ಹಿಡಿದ ನಿಪ್ಪಟ್ಟು, ಕರಿಬೇವಿನ ಪುಡಿ

ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ 40 ಪ್ಯಾಕೆಟ್ ನಿಪ್ಪಟ್ಟು ವಾಪಸ್ ಬಂತು. ಮದ್ದೂರಿನ ನಮ್ಮ ಮನೆ ಜಗುಲಿ ಮೇಲೆ ಆ ರಟ್ಟಿನ ಬಾಕ್ಸ್ ಮೂರು ದಿನ ಹಾಗೇ ಕೂತಿತ್ತಂತೆ. ಅವ್ವ ಬಿಚ್ಚಲಿಲ್ಲ. ಶನಿವಾರ ಊರಿಗೆ ಹೋದ ನಾನೇ ಬಿಚ್ಚಿ, ಒಂದನ್ನು ಮುರಿದು ಮೂಸಿದೆ. ಹಳೇ ಬಣ್ಣದ ಡಬ್ಬಿ ಮುಚ್ಚಳ ತೆಗೆದ ಹಾಗೆ ವಾಸನೆ. ನಮ್ಮ ಕಡೆ ಅದಕ್ಕೆ ಒಂದೇ ಮಾತು: ಕಮಟು.

ಮಾಡಿ 26 ದಿನ ಆಗಿತ್ತು. ಪ್ಯಾಕೆಟ್ ಮೇಲೆ 45 ದಿನ ಅಂತ ಹಾಕಿದ್ದವರು ನಾವೇ.

"ಉಪ್ಪು, ಖಾರ, ಹದ ಎಲ್ಲಾ ಸರ್ಯಾಗೇ ಇತ್ತಲ್ಲಮ್ಮಿ" ಅಂದಳು ಅವ್ವ. ಮೂವತ್ತು ವರ್ಷದಿಂದ ಬಾಣಲೆ ಮುಂದೆ ನಿಂತವಳು. ಪಕ್ಕದ ಮನೆಯ ಮೂವರು ಹೆಂಗಸರ ಸಂಬಳ ಆ ಬಾಣಲೆಯಿಂದಲೇ ಹುಟ್ಟಬೇಕು. 40 ಪ್ಯಾಕೆಟ್ ದುಡ್ಡು ಹೋಗಿದ್ದಕ್ಕಿಂತ, ತನ್ನ ಕೈ ತಿಂಡಿ ವಾಪಸ್ ಬಂತು ಅನ್ನೋದು ಅವಳಿಗೆ ಜಾಸ್ತಿ ನೋವಾಗಿತ್ತು.

ಮದ್ದೂರಿನವರಿಗೆ ತಿಂಡಿಯ ಆಯಸ್ಸಿನ ಚಿಂತೆ ಹೊಸದು. ಮದ್ದೂರು ವಡೆ ಹುಟ್ಟಿದ್ದೇ ಅವಸರಕ್ಕೆ. 1917ರಲ್ಲಿ ಇಲ್ಲಿನ ರೈಲ್ವೆ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ರೈಲು ಬರುವ ಹೊತ್ತಿಗೆ ಬೇಗ ಬೇಯಲಿ ಅಂತ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಟ್ಟರು ಅನ್ನೋದು ಊರಲ್ಲಿ ಎಲ್ಲರೂ ಹೇಳುವ ಕಥೆ. ಪ್ಲಾಟ್‌ಫಾರಂನಲ್ಲಿ ಕೊಂಡದ್ದು ರಾಮನಗರ ದಾಟುವಷ್ಟರಲ್ಲಿ ಖಾಲಿ. ಆಮೇಲೆ ಬಸ್ಸು, ಕಾರು ಬಂದವು. ಅವೂ ನಿಲ್ಲುತ್ತಿದ್ದವು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆ ಆಯಿತು. ಕಾರುಗಳು ಊರ ಹೊರಗಿಂದಲೇ ಹೋಗತೊಡಗಿದವು. ಗಿರಾಕಿ ತಿಂಡಿ ಹತ್ತಿರ ಬರೋದು ನಿಂತ ಮೇಲೆ ತಿಂಡಿಯೇ ಗಿರಾಕಿ ಹತ್ತಿರ ಹೋಗಬೇಕಲ್ಲ. ಅಂದರೆ ಗೋಡೌನು, ಅಂಗಡಿ ಕಪಾಟು, ಡೆಲಿವರಿ ಬ್ಯಾಗು ಎಲ್ಲವನ್ನೂ ದಾಟಿ, ವಾರಗಟ್ಟಲೆ ಚೆನ್ನಾಗಿರಬೇಕು.

ಒಂದು ಚಮಚ ಪುಡಿ

ಈ ಸಮಯಕ್ಕೆ ಸರಿಯಾಗಿ ಒಬ್ಬ ಏಜೆಂಟು ಮನೆಗೆ ಬಂದ. ಬ್ಯಾಗಿನಿಂದ ತಿಳಿ ಹಳದಿ ಪುಡಿಯ ಸ್ಯಾಂಪಲ್ ತೆಗೆದ. ರೋಸ್‌ಮೇರಿ, ಕರಿಬೇವಿನ ಸಾರ. ನ್ಯಾಚುರಲ್ ಆಂಟಿಆಕ್ಸಿಡೆಂಟ್. ಎನ್‌ಕ್ಯಾಪ್ಸುಲೇಟೆಡ್. ಒಂದು ಕೆಜಿ ಹಿಟ್ಟಿಗೆ ಒಂದು ಚಮಚ ಹಾಕಿ ಕಲೆಸಿದರೆ ಮೂರು ತಿಂಗಳು ಗ್ಯಾರಂಟಿ ಅಂದ.

ತಮ್ಮನ ಮುಖ ಅರಳಿತು. ಅವ್ವನ ಮುಖ ಗಂಟಿಕ್ಕಿತು. "ಅದ್ಯಾವ್ ಪುಡಿಯೋ ಕಾಣೆ. ನಮ್ಮ ತಿಂಡಿಗೆ ಬ್ಯಾಡ."

ಅವಳ ಹಟಕ್ಕೆ ಕಾರಣ ಇದೆ. ಮಳವಳ್ಳಿ ಹತ್ತಿರ ನಮ್ಮ ತಾತನ ಆಲೆಮನೆ ಇತ್ತು. ಕಬ್ಬಿನ ಹಾಲು ಕಾಯಿಸಿದರೆ ಬೆಲ್ಲ ಕಂದು ಬಣ್ಣಕ್ಕೆ ಬರೋದು ಸಹಜ. ಆದರೆ ಮಂಡ್ಯದ ಮಾರ್ಕೆಟ್ಟಿನಲ್ಲಿ ಬಿಳಿ ಬೆಲ್ಲಕ್ಕೆ ಹೆಚ್ಚು ರೇಟು. ಹಾಗಾಗಿ ಕೊಪ್ಪರಿಗೆಗೆ ಹೈಡ್ರೋಸ್ ಪುಡಿ ಬಿತ್ತು. ತಾತ ಮನೆಗೆ ಅಂತ ಕಪ್ಪು ಬೆಲ್ಲ ಬೇರೆ ತೆಗೆದಿಡುತ್ತಿದ್ದರು. "ಮನೇಲಿ ತಿನ್ನೋದೇ ಬೇರೆ, ಮಾರೋದೇ ಬೇರೆ ಆದ್ಮೇಲೆ ನಾನ್ ಆ ಕಡೆ ಹೋಗ್ಲಿಲ್ಲ" ಅಂತ ಅವ್ವ ಈಗಲೂ ಹೇಳ್ತಾಳೆ.

ತಮ್ಮ ಒಂದು ಮಾತು ಕೇಳಿದ. "ಕರಿಬೇವು ನೀನೇ ಹಾಕ್ತೀಯಲ್ಲವ್ವ. ಅದರ ಸಾರ ಹಾಕಿದ್ರೆ ಏನು ತಪ್ಪು?" ಇಬ್ಬರೂ ನನ್ನ ಕಡೆ ನೋಡಿದರು. ಓದಿದವಳು ನಾನು ತಾನೆ! ಕಾಲೇಜಿನಲ್ಲಿ ಕಲಿತ ಕೆಮಿಸ್ಟ್ರಿ ಹತ್ತು ವರ್ಷದ ಸಾಫ್ಟ್‌ವೇರ್ ಕೆಲಸದಲ್ಲಿ ಆವಿಯಾಗಿತ್ತು. ಮತ್ತೆ ಓದೋಕೆ ಕೂತೆ.

ಕಬ್ಬಿನ ಗದ್ದೆಗೆ ಬಿದ್ದ ಬೆಂಕಿ

ಮೊದಲು ಗೊತ್ತಾಗಿದ್ದು, ಕೆಡುವುದರಲ್ಲೂ ಜಾತಿ ಇದೆ ಅಂತ. ವಡೆಯಲ್ಲಿ ಈರುಳ್ಳಿ ಇದೆ, ಈರುಳ್ಳಿಯಲ್ಲಿ ನೀರಿದೆ. ಹಾಗಾಗಿ ವಡೆ ಮೆತ್ತಗಾಗುತ್ತೆ, ಬೂಸ್ಟು ಹಿಡಿಯುತ್ತೆ. ಯಾವ ಆಂಟಿಆಕ್ಸಿಡೆಂಟೂ ಅದನ್ನು ತಡೆಯಲ್ಲ. ನಿಪ್ಪಟ್ಟು, ಕೋಡುಬಳೆಯಲ್ಲಿ ನೀರು ಕಡಿಮೆ, ಬೂಸ್ಟು ಬರಲ್ಲ. ಅಲ್ಲಿ ಕೆಡೋದು ಎಣ್ಣೆ.

ಎಣ್ಣೆ ಕೆಡೋದು ಕಬ್ಬಿನ ಗದ್ದೆಗೆ ಬೆಂಕಿ ಬಿದ್ದ ಹಾಗೆ. ಬಿಸಿ, ಬೆಳಕು, ಇಲ್ಲವೇ ಕಬ್ಬಿಣ, ತಾಮ್ರದಂಥ ಲೋಹದ ದೆಸೆಯಿಂದ ಎಣ್ಣೆಯ ಒಂದು ಅಣು ತನ್ನ ಹೈಡ್ರೋಜನ್ ಕಳೆದುಕೊಳ್ಳುತ್ತೆ. ಅದು ಗಾಳಿಯ ಆಮ್ಲಜನಕ ಹಿಡಿದುಕೊಂಡು ಪಕ್ಕದ ಅಣುವಿನ ಹೈಡ್ರೋಜನ್ ಕೀಳುತ್ತೆ. ಅದು ಮತ್ತೊಂದರದ್ದು. ಹೀಗೆ ಹುಟ್ಟುವ ಪೆರಾಕ್ಸೈಡ್‌ಗಳಿಗೆ ವಾಸನೆ ಇಲ್ಲ. ಅವು ಒಡೆದು ಆಲ್ಡಿಹೈಡ್‌ಗಳಾದಾಗಲೇ ನಮ್ಮ ಮೂಗಿಗೆ ಕಮಟು ಬಡಿಯೋದು. ಅದಕ್ಕೇ ಎರಡು ಮೂರು ವಾರ ಏನೂ ಆಗಿಲ್ಲದಂತೆ ಇದ್ದು, ಆಮೇಲೆ ನಾಲ್ಕೇ ದಿನದಲ್ಲಿ ಪೂರ್ತಿ ಕೆಟ್ಟ ಹಾಗೆ ಅನಿಸೋದು.

ಆಂಟಿಆಕ್ಸಿಡೆಂಟ್ ಮಾಡುವ ಕೆಲಸ, ಬೆಂಕಿಯ ಮುಂದೆ ನಾಲ್ಕು ಸಾಲು ಕಬ್ಬು ಕಡಿದು ಹಾಕಿದ ಹಾಗೆ. ತನ್ನ ಹೈಡ್ರೋಜನ್ ತಾನೇ ಕೊಟ್ಟು ಸರಪಳಿ ತುಂಡು ಮಾಡುತ್ತೆ. ಕೊಟ್ಟ ಮೇಲೆ ಅದು ಮುಗಿದು ಹೋಗುತ್ತೆ. ಹಾಗಾಗಿ ಮೊದಲೇ ಇರಬೇಕು. ಉರಿದು ಹೋದ ಗದ್ದೆಗೆ, ಅಂದರೆ ಕಮಟು ಹಿಡಿದ ಎಣ್ಣೆಗೆ, ಅದು ಜೀವ ತರಲ್ಲ.

ನಮ್ಮ ಅಡುಗೆಮನೆಯಲ್ಲಿ ಇದರ ಉದಾಹರಣೆ ಬೇಕಾದಷ್ಟಿವೆ. ಎಳ್ಳೆಣ್ಣೆ ಬೇಗ ಕೆಡಲ್ಲ, ಅದರಲ್ಲಿ ಸೆಸಮಾಲ್‌ನಂಥ ಆಂಟಿಆಕ್ಸಿಡೆಂಟ್‌ಗಳು ಹುಟ್ಟಿನಿಂದಲೇ ಇವೆ. ಹುಚ್ಚೆಳ್ಳೆಣ್ಣೆ ಬೇಗ ಕೆಡುತ್ತೆ, ಅದರಲ್ಲಿ ಸುಲಭವಾಗಿ ಹೈಡ್ರೋಜನ್ ಬಿಟ್ಟುಕೊಡುವ ಲಿನೋಲಿಯಿಕ್ ಆಮ್ಲ ಜಾಸ್ತಿ. ಆದರೆ ಅದೇ ಹುಚ್ಚೆಳ್ಳನ್ನು ಬೀಜವಾಗಿ ಡಬ್ಬದಲ್ಲಿಟ್ಟರೆ? ಮಳವಳ್ಳಿಯಿಂದ ಸೋದರಮಾವ ತಂದುಕೊಟ್ಟಿದ್ದು ನಮ್ಮ ಮನೆಯಲ್ಲಿ ವರ್ಷವಾದರೂ ಹಾಗೇ ಇರುತ್ತೆ. ಹುರಿದು ಚಟ್ನಿಪುಡಿ ಮಾಡಿದರೆ ಹದಿನೈದು ದಿನಕ್ಕೆ ರುಚಿ ತಿರುಗುತ್ತೆ. ಎಣ್ಣೆ ಅದೇ. ಸಿಪ್ಪೆಯ ಗೋಡೆ ಒಡೆದಿದ್ದಷ್ಟೇ ವ್ಯತ್ಯಾಸ.

ಎನ್‌ಕ್ಯಾಪ್ಸುಲೇಷನ್ ಅಂದರೆ ಮನುಷ್ಯ ಕಟ್ಟುವ ಅಂಥ ಗೋಡೆ.

ಎಲೆಗೆ ಗೋಡೆ ಯಾಕೆ?

ಕರಿಬೇವಿನಲ್ಲಿ ಕಾರ್ಬಜೋಲ್ ಜಾತಿಯ ಆಲ್ಕಲಾಯ್ಡ್‌ಗಳಿವೆ, ರೋಸ್‌ಮೇರಿಯಲ್ಲಿ ಕಾರ್ನೋಸಿಕ್ ಆಮ್ಲ ಇದೆ. ಎರಡಕ್ಕೂ ಎಣ್ಣೆ ಕಾಯುವ ಗುಣ ಉಂಟು. ಯುರೋಪ್ 2010ರಲ್ಲಿ ರೋಸ್‌ಮೇರಿ ಸಾರಕ್ಕೆ ಇ 392 ಅಂತ ನಂಬರ್ ಕೊಟ್ಟು ಆಹಾರದಲ್ಲಿ ಬಳಸಲು ಒಪ್ಪಿತು. ಅಂದರೆ ಏಜೆಂಟು ಹೇಳಿದ್ದು ಗಾಳಿ ಮಾತಲ್ಲ.

ತೊಂದರೆ ಏನಂದರೆ, ಬೇರೆಯದನ್ನು ಆಮ್ಲಜನಕದಿಂದ ಕಾಯುವ ವಸ್ತು ಮೊದಲು ತಾನೇ ಆಮ್ಲಜನಕಕ್ಕೆ ಬಲಿಯಾಗುತ್ತೆ. ಸಾರ ತೆಗೆದು ಬಾಟ್ಲಿಯಲ್ಲಿಟ್ಟರೆ ಬೆಳಕಿಗೂ ಗಾಳಿಗೂ ದಿನದಿನಕ್ಕೆ ಸೋಲುತ್ತೆ. ಕೆಲವು ಕಹಿ, ಕೆಲವು ಹಸಿರು ಬಣ್ಣ ಬಿಡುತ್ತವೆ, ಕೆಲವು ಅಂಟು ಅಂಟು. ಅದಕ್ಕೇ ಸಾರವನ್ನು ಮಾಲ್ಟೋಡೆಕ್ಸ್‌ಟ್ರಿನ್, ಅರೇಬಿಕ್ ಗೋಂದು, ಹಾಲೊಡಕಿನ ಪ್ರೋಟೀನ್ ಇಂಥವುಗಳ ಜೊತೆ ನೀರಲ್ಲಿ ಕಲಸಿ, ಸುಮಾರು 150ರಿಂದ 200 ಡಿಗ್ರಿ ಬಿಸಿಗಾಳಿಗೆ ಮಂಜಿನಂತೆ ಸಿಂಪಡಿಸುತ್ತಾರೆ. ನೀರು ಕ್ಷಣದಲ್ಲಿ ಆರುತ್ತೆ. ನೀರು ಆವಿಯಾಗುವಾಗ ಹನಿ ತಣ್ಣಗಿರುವುದರಿಂದ ಒಳಗಿನ ಸಾರ ಬಹುಮಟ್ಟಿಗೆ ಉಳಿಯುತ್ತೆ. ಕೈಗೆ ಸಿಗೋದು ಒಣ ಪುಡಿ. ಹಾಲಿನ ಪುಡಿ ಮಾಡೋದೂ ಇದೇ ರೀತಿ.

ಗೋಡೆ ಕಟ್ಟುವ ಈ ಯೋಚನೆ ಹಳೆಯದು. ಕಾರ್ಬನ್ ಹಾಳೆ ಇಲ್ಲದೆ ಕಾಪಿ ಮೂಡುವ ಬಿಲ್ ಪುಸ್ತಕ ನೋಡಿದ್ದೀರಲ್ಲ? ಅದರಲ್ಲಿ ಬಣ್ಣ ತುಂಬಿದ ಕಣ್ಣಿಗೆ ಕಾಣದ ಗುಳಿಗೆಗಳಿವೆ. ಪೆನ್ನಿನ ಒತ್ತಡಕ್ಕೆ ಒಡೆಯುತ್ತವೆ. 1950ರ ದಶಕದಲ್ಲಿ ಅಮೆರಿಕದಲ್ಲಿ ಬಂದದ್ದು ಅದು.

ಗುಳಿಗೆಯ ಪ್ರಾಣ ಇರೋದು ಅದು ಎಲ್ಲಿ, ಯಾವಾಗ ಒಡೆಯುತ್ತೆ ಅನ್ನೋದರಲ್ಲಿ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ನಡೆಯುತ್ತಿರುವ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಇಂಥದ್ದೇ ಕೆಲಸ ಮಾಡಿದೆ. ಗಾರ್ಸೀನಿಯಾ, ಅಂದರೆ ನಮ್ಮ ಮುರುಗಲು, ಉಪ್ಪಾಗೆಯ ಕುಲದ ಹಣ್ಣಿನ ಸಾರವನ್ನು ಹಾಲೊಡಕಿನ ಪ್ರೋಟೀನ್ ಮತ್ತು ಮಾಲ್ಟೋಡೆಕ್ಸ್‌ಟ್ರಿನ್ ಗೋಡೆಯೊಳಗೆ ಕೂರಿಸಿ, ಬ್ರೆಡ್ ಹಿಟ್ಟಿಗೆ ಹಾಕಿ ಬೇಯಿಸಿ ನೋಡಿದ ಅಲ್ಲಿನ ವಿಜ್ಞಾನಿಗಳ ಪ್ರಬಂಧ 2013ರಲ್ಲಿ ಬಂತು. ಅಲ್ಲಿ ಕಾಯಬೇಕಾಗಿದ್ದು ಹಣ್ಣಿನ ಹುಳಿಯ ಆಮ್ಲವನ್ನು, ಎಣ್ಣೆಯನ್ನಲ್ಲ. ಆದರೆ ಅವರು ಪರೀಕ್ಷಿಸಿದ್ದು ನನಗೂ ಬೇಕಾದದ್ದನ್ನೇ: ಕಲೆಸಿದ ಮೇಲೆ, ಬೆಂದ ಮೇಲೆ, ಒಳಗಿನದು ಎಷ್ಟು ಉಳಿಯುತ್ತೆ?

ಏಜೆಂಟಿಗೆ ಫೋನ್ ಮಾಡಿ ಗೋಡೆ ಯಾವುದರದ್ದು ಅಂತ ಕೇಳಿದೆ. ಕಂಪನಿಯವರನ್ನು ವಿಚಾರಿಸಿ ಸಂಜೆ ಹೇಳಿದ: ಮಾಲ್ಟೋಡೆಕ್ಸ್‌ಟ್ರಿನ್. ಅದು ನೀರಲ್ಲಿ ಕರಗುತ್ತೆ. ನಿಪ್ಪಟ್ಟಿನ ಹಿಟ್ಟು ಕಲೆಸೋದು ನೀರಲ್ಲಿ. ಅಂದರೆ ಅವ್ವ ಹಿಟ್ಟು ನಾದುವಾಗಲೇ ಗೋಡೆ ಕರಗಿ, ಸಾರ ಬರಿಮೈಯಲ್ಲಿ 170–180 ಡಿಗ್ರಿ ಎಣ್ಣೆಗೆ ಬೀಳುತ್ತೆ. ಕೊಟ್ಟ ದುಡ್ಡಿಗೆ ಅರ್ಥ ಎಲ್ಲಿ ಬಂತು?

ನಮ್ಮ ಮನೆ ಪರೀಕ್ಷೆ

ಆದರೂ ನೋಡಿಯೇ ಬಿಡೋಣ ಅಂತ ಅವ್ವನನ್ನು ಒಪ್ಪಿಸಿದೆ. ಮಾರೋಕಲ್ಲ, ಮೂಸೋಕೆ ಅಂತ ಹೇಳಿ. ಒಂದೇ ದಿನ, ಒಂದೇ ಹಿಟ್ಟಿನಲ್ಲಿ ಐದು ಥರ ಮಾಡಿದ್ವಿ. ಹಿಂದಿನ ವಾರ ಉಳಿದ ಎಣ್ಣೆಗೆ ಹೊಸದು ಬೆರೆಸಿ ಕರಿದದ್ದು ಒಂದು, ಪಾರದರ್ಶಕ ಕವರಿನಲ್ಲಿ. ಪೂರ್ತಿ ಹೊಸ ಎಣ್ಣೆಯಲ್ಲಿ ಕರಿದು ಅದೇ ಕವರಿಗೆ ಹಾಕಿದ್ದು ಎರಡನೆಯದು. ಹಿಟ್ಟಿಗೆ ಪುಡಿ ಹಾಕಿ ಕಲೆಸಿದ್ದು ಮೂರನೆಯದು. ಕರಿದು ಆರಿದ ಮೇಲೆ ಖಾರದ ಮಸಾಲೆ ಜೊತೆ ಪುಡಿ ಉದುರಿಸಿದ್ದು ನಾಲ್ಕನೆಯದು. ಪುಡಿ ಇಲ್ಲದೆ, ಹೊಸ ಎಣ್ಣೆಯಲ್ಲಿ ಕರಿದು, ಒಳಗೆ ಬೆಳ್ಳಿ ಬಣ್ಣದ ಪದರ ಇರುವ, ಬೆಳಕು ತೂರದ ಕವರಿನಲ್ಲಿ ಹಾಕಿದ್ದು ಐದನೆಯದು. ಎಲ್ಲವನ್ನೂ ಅಂಗಡಿಯಲ್ಲಿ ನೇತು ಹಾಕುವ ಹಾಗೇ ಕಿಟಕಿ ಪಕ್ಕ ನೇತು ಹಾಕಿದ್ವಿ. ವಾರಕ್ಕೊಮ್ಮೆ ಒಂದೊಂದು ಬಿಚ್ಚಿ ಅವ್ವ, ಚಿಕ್ಕವ್ವ, ಪಕ್ಕದ ಮನೆ ಅಕ್ಕ ಮೂಸಿ ಹೇಳಬೇಕು, ಯಾವುದು ಯಾವುದು ಅಂತ ಅವರಿಗೆ ಗೊತ್ತಾಗಬಾರದು.

ಹಳೇ ಎಣ್ಣೆ ಬೆರೆತದ್ದು ಮೂರನೇ ವಾರಕ್ಕೆ ಕಮಟು. ಹೊಸ ಎಣ್ಣೆಯದು ಐದನೇ ವಾರಕ್ಕೆ. ಹಿಟ್ಟಿಗೆ ಪುಡಿ ಹಾಕಿದ್ದೂ ಐದನೇ ವಾರಕ್ಕೇ ಹೋಯ್ತು. ಮೇಲೆ ಉದುರಿಸಿದ್ದು ಇನ್ನೊಂದು ವಾರ ತಡೆಯಿತು. ಬೆಳ್ಳಿ ಕವರಿನದು ಎಂಟನೇ ವಾರದಲ್ಲೂ ಚೆನ್ನಾಗಿತ್ತು. ಅಷ್ಟು ಹೊತ್ತಿಗೆ ಪ್ಯಾಕೆಟ್‌ಗಳೂ ಮುಗಿದವು.

ಇದು ಮೂಗಿನ ಲೆಕ್ಕ, ಲ್ಯಾಬಿನ ಪೆರಾಕ್ಸೈಡ್ ಲೆಕ್ಕ ಅಲ್ಲ. ಆದರೂ ನಮಗೆ ಬೇಕಾದ್ದು ಗೊತ್ತಾಯ್ತು. ಏಪ್ರಿಲ್‌ನ ನಿಪ್ಪಟ್ಟನ್ನು ಕೆಡಿಸಿದ್ದು ಉಳಿದ ಎಣ್ಣೆ ಮತ್ತು ಕವರಿನಿಂದ ತೂರಿದ ಬಿಸಿಲು. ಉರಿಯುವ ಕಬ್ಬಿನ ಜಲ್ಲೆಯನ್ನು ತಂದು ಹೊಸ ಗದ್ದೆಗೆ ಎಸೆದ ಹಾಗೆ, ಹಳೇ ಎಣ್ಣೆಯ ಪೆರಾಕ್ಸೈಡು ಹೊಸ ಎಣ್ಣೆಗೂ ಹತ್ತುತ್ತೆ. "ಎಣ್ಣೆ ಚೆಲ್ಬಾರ್ದು ಅಂತ ಸುರೀತಿದ್ನಲ್ಲಾ" ಅಂತ ಅವ್ವ ಹಣೆ ಚಚ್ಚಿಕೊಂಡಳು. ಪುಡಿಯದ್ದೂ ಸುಳ್ಳಲ್ಲ. ಏಜೆಂಟು ಹೇಳಿದ ಜಾಗ ತಪ್ಪಾಗಿತ್ತು.

ಎಣ್ಣೆ ಟಿನ್ನಿನ ಹಿಂದೆ 319

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಪರೀಕ್ಷೆಯ ದಿನ ಹೊಸ ಎಣ್ಣೆ ಟಿನ್ ಬಿಚ್ಚುವಾಗ ಅದರ ಹಿಂದಿನ ಸಣ್ಣ ಅಕ್ಷರ ಓದಿದ್ದೆ: ಆಂಟಿಆಕ್ಸಿಡೆಂಟ್ (319).

319 ಅಂದರೆ ಟಿಬಿಎಚ್‌ಕ್ಯೂ. ಕಾರ್ಖಾನೆಯಲ್ಲಿ ತಯಾರಾಗುವ ಆಂಟಿಆಕ್ಸಿಡೆಂಟ್. 320 ಬಿಎಚ್‌ಎ, 321 ಬಿಎಚ್‌ಟಿ ಅದರ ಬಂಧುಗಳು. ನಮ್ಮ ದೇಶದಲ್ಲಿ ಒಂದು ಕೆಜಿ ಎಣ್ಣೆಗೆ 200 ಮಿಲಿಗ್ರಾಂವರೆಗೆ ಟಿಬಿಎಚ್‌ಕ್ಯೂ ಹಾಕಲು ಕಾನೂನು ಒಪ್ಪುತ್ತೆ. ಆ ಮಿತಿಯೊಳಗೆ ಇದ್ದರೆ ಹೆದರಿ ಎಣ್ಣೆ ಚೆಲ್ಲಬೇಕಾಗಿಲ್ಲ. ನನ್ನ ತಲೆ ತಿಂದದ್ದು ನಮ್ಮದೇ ಪ್ಯಾಕೆಟ್. ಅದರ ಮೇಲೆ ದಪ್ಪ ಅಕ್ಷರದಲ್ಲಿ "ಯಾವುದೇ ಪ್ರಿಸರ್ವೇಟಿವ್ ಇಲ್ಲ" ಅಂತ ಅಚ್ಚು ಹಾಕಿಸಿದ್ವಿ.

ಕಾನೂನಿನ ಭಾಷೆಯಲ್ಲಿ ಪ್ರಿಸರ್ವೇಟಿವ್ ಬೇರೆ ವರ್ಗ, ಆಂಟಿಆಕ್ಸಿಡೆಂಟ್ ಬೇರೆ ವರ್ಗ. ಅಕ್ಷರ ಹಿಡಿದು ವಾದ ಮಾಡಿದರೆ ನಾವು ಸುಳ್ಳು ಬರೆದಿಲ್ಲ. ತಮ್ಮ ಅದನ್ನೇ ಹೇಳಿದ. ಅವ್ವ ಸುಮ್ಮನೆ ಕೇಳಿಸಿಕೊಂಡು, "ಓದೋರು ಹಂಗ್ ತಿಳ್ಕೊತಾರಾ?" ಅಂದಳು. ಇಬ್ಬರ ಹತ್ತಿರವೂ ಉತ್ತರ ಇರಲಿಲ್ಲ. ಪುಡಿ ಬೇಡ ಅಂತ ಹಟ ಹಿಡಿದವಳ ಬಾಣಲೆಯಲ್ಲಿ ಎಷ್ಟೋ ವರ್ಷದಿಂದ ಪುಡಿ ಇದ್ದೇ ಇತ್ತು.

ನಿಮಗೆ ಯಾರಾದರೂ ಇಂಥ ಪುಡಿ ಮಾರಲು ಬಂದರೆ, ಇಲ್ಲವೇ ನೀವೇ ಮನೆಯಿಂದ ತಿಂಡಿ ಮಾರುತ್ತಿದ್ದರೆ, ನಾಲ್ಕು ಪ್ರಶ್ನೆ ಕೇಳಿ. ಗೋಡೆ ಯಾವುದರದ್ದು, ನೀರಲ್ಲಿ ಕರಗುತ್ತಾ, ಕೊಬ್ಬಲ್ಲಿ ಕರಗುತ್ತಾ? ನೂರು ಗ್ರಾಂ ಪುಡಿಯಲ್ಲಿ ಸಾರ ಎಷ್ಟು, ಗೋಡೆ ಎಷ್ಟು? ಪರೀಕ್ಷೆ ಮಾಡಿದ್ದು ಯಾವ ತಿಂಡಿಯಲ್ಲಿ, ಎಷ್ಟು ಬಿಸಿಯಲ್ಲಿ? ಲೇಬಲ್ ಮೇಲೆ ಅದನ್ನು ಯಾವ ಹೆಸರಲ್ಲಿ ಬರೆಯಬೇಕು? ಕೊನೆಯದಕ್ಕೆ "ಬರೀಬೇಕಾಗಿಲ್ಲ ಮೇಡಂ" ಅಂತ ಉತ್ತರ ಬಂದರೆ ಬಾಗಿಲು ತೋರಿಸಿ. ಗಿಡದಿಂದ ಬಂದದ್ದಾದರೂ ಎಣ್ಣೆ ಕಾಯೋಕೆ ಅಂತ ಹಾಕಿದ ಮೇಲೆ ತಿನ್ನೋರಿಗೆ ಹೇಳಬೇಕು.

ಇನ್ನೊಂದು ಮಾತು. ಎಣ್ಣೆ ಕಾಯುವ ಆಂಟಿಆಕ್ಸಿಡೆಂಟು ನಮ್ಮ ಮೈಯನ್ನೂ ಹಾಗೇ ಕಾಯುತ್ತೆ ಅಂತ ನಂಬಿ ತಿಂಡಿಯನ್ನು "ಹೆಲ್ದಿ" ಅಂದುಕೊಳ್ಳಬೇಡಿ. ಫಿನ್‌ಲೆಂಡಿನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕೆರೋಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗೋದಿರಲಿ, ಶೇ. 18ರಷ್ಟು ಹೆಚ್ಚಾಗಿತ್ತು. ಕರಿದ ನಿಪ್ಪಟ್ಟು ಕರಿದ ನಿಪ್ಪಟ್ಟೇ. ಎರಡು ತಿನ್ನಿ, ಡಬ್ಬ ಮುಚ್ಚಿ.

ಈಗ ನಮ್ಮ ಮನೆಯಲ್ಲಿ ಉಳಿದ ಎಣ್ಣೆಗೆ ಹೊಸದು ಸುರಿಯಲ್ಲ. ಬೆಳ್ಳಿ ಕವರು ಬಂದಿದೆ, ಪ್ಯಾಕೆಟ್ಟಿಗೆ ಖರ್ಚು ಹೆಚ್ಚಾಗಿದೆ. ದಿನಾಂಕ 45ರಿಂದ 30ಕ್ಕೆ ಇಳಿದಿದೆ. "ಪ್ರಿಸರ್ವೇಟಿವ್ ಇಲ್ಲ" ಅನ್ನೋ ಸಾಲು ತೆಗೆಸಿ, ಯಾವ ಎಣ್ಣೆ, ಅದರಲ್ಲಿ ಏನಿದೆ ಅಂತ ಬರೆಸಿದ್ದೇವೆ. ವಾಪಸ್ ಕಳಿಸಿದ್ದ ಅಂಗಡಿಯವರು 60 ದಿನ ಇಲ್ಲದಿದ್ದರೆ ಬೇಡ ಅಂದರು. ಬೆಳ್ಳಿ ಕವರಿನದು ತಡೆಯುತ್ತಲ್ಲ, ಬರೆದುಬಿಡೋಣ ಅಂತ ತಮ್ಮ ಹೇಳಿದ. ಒಂದು ಸಲ ಮೂಸಿ ನೋಡಿದ್ದನ್ನು ನಂಬಿ ಬರೆಯೋಕೆ ಅವ್ವ ಒಪ್ಪಲಿಲ್ಲ. ಆ ಅಂಗಡಿ ಹೋಯ್ತು. ತಿಂಗಳ ಲೆಕ್ಕದಲ್ಲಿ ಅದು ಸಣ್ಣ ಮೊತ್ತ ಅಲ್ಲ. ತಮ್ಮನಿಗೆ ಈಗಲೂ ಬೇಜಾರಿದೆ. ಲ್ಯಾಬಿಗೆ ಕೊಟ್ಟು ಪರೀಕ್ಷೆ ಮಾಡಿಸಿ ನೋಡೋಣ, ಮಸಾಲೆ ಕೋಡುಬಳೆಗೆ ಮೇಲಿಂದ ಪುಡಿ ಉದುರಿಸಿ, ಹೆಸರು ಬರೆದೇ ಮಾರೋಣ ಅಂತ ಅವನ ಮಾತು. ಅವ್ವ ಬ್ಯಾಡ ಅಂದಿಲ್ಲ, ಹೂಂ ಅಂತಲೂ ಅಂದಿಲ್ಲ.

ನಿನ್ನೆ ಫೋನ್ ಮಾಡಿದಾಗ ಅವಳು ಕೇಳಿದ್ದು ಒಂದೇ. "ಆ ನಂಬ್ರ ಇಲ್ದಿರೋ ಎಣ್ಣೆ ಯಾವ್ದೈತೆ ನೋಡ್ಕೊಂಡ್ ಬಾರಮ್ಮಿ. ರೇಟೂ ಬರ್ಕೊಂಡ್ ಬಾ." ಶನಿವಾರ ಮದ್ದೂರಿನ ಬಸ್ಸು ಹತ್ತುವ ಮುಂಚೆ ಅಂಗಡಿಯಲ್ಲಿ ಟಿನ್‌ಗಳನ್ನು ತಿರುಗಿಸಿ ಓದುತ್ತಾ ನಿಲ್ಲಬೇಕು. ಇವತ್ತು ರಾತ್ರಿ ಅಡುಗೆಗೆ ನಿಂತಾಗ ನೀವೂ ನಿಮ್ಮ ಎಣ್ಣೆ ಪ್ಯಾಕೆಟ್ ಒಮ್ಮೆ ತಿರುಗಿಸಿ ನೋಡಿ.